ಜೋಳದ ಮಿಡತೆ ಹಾಗೂ ಪೊದೆಮಿಡತೆಗಳ ವರ್ಗೀಕರಣ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳು ಜೋಳ ಬೆಳೆಯುವ ಪ್ರದೇಶಗಳಾಗಿರುತ್ತವೆ. ಇಲ್ಲಿನ ಹೊಲ ಹಾಗೂ ಬದುಗಳಲ್ಲಿ ಜಿಗಿಯುವ ಬಹುತೇಕ ಕೀಟಗಳನ್ನು ಆಡುಮಾತಿನಲ್ಲಿ ‘ಮಿಡಚಿ’ ಎಂದೇ ಕರೆಯಲಾಗುತ್ತದೆ. ಈ ಒಂದೇ ಹೆಸರಿನಡಿ ಎರಡು ಬೇರೆ ಗುಂಪುಗಳು ಅಡಗಿರುವುದರಿಂದ, ಗುರುತಿಸುವುದರಲ್ಲಿ ತಪ್ಪಿದಲ್ಲಿ ಬೆಳೆ ಸಂರಕ್ಷಣೆಗೆ ಮಾಡಿದ ವೆಚ್ಚ ವ್ಯರ್ಥವಾಗುವ ಸಂಭವವಿದೆ.

ಮಿಡತೆಯ ಕುಡಿಮೀಸೆ ಗಿಡ್ಡ. ಕಿವಿ ಇರುವುದು ಹೊಟ್ಟೆಯ ಬುಡದ ಪಕ್ಕದಲ್ಲಿ. ಪೊದೆಮಿಡತೆಯ ಮೀಸೆ ಕೂದಲಿನಂತೆ ತೆಳುವಾಗಿದ್ದು, ಸಾಮಾನ್ಯವಾಗಿ ದೇಹಕ್ಕಿಂತ ಉದ್ದವಾಗಿರುತ್ತದೆ, ಕಿವಿ ಮುಂಗಾಲುಗಳಲ್ಲಿದೆ. ಗಂಡು ಮುಂದಿನ ರೆಕ್ಕೆಗಳನ್ನು ಉಜ್ಜಿ ದನಿ ಮಾಡಿದರೆ, ಹೆಣ್ಣಿಗೆ ಮೊಟ್ಟೆಯಿಡಲು ಕತ್ತಿಯಾಕಾರದ ಅಂಗವಿರುತ್ತದೆ. ಇಷ್ಟು ಸ್ಪಷ್ಟ ವ್ಯತ್ಯಾಸವಿದ್ದರೂ 1758ರಲ್ಲಿ ಲಿನೇಯಸ್ ಇವೆರಡನ್ನೂ ‘ಗ್ರಿಲ್ಲಸ್’ ಎಂಬ ಒಂದೇ ಜಾತಿಯಲ್ಲಿ ಸೇರಿಸಿದ್ದರು.

ಕರ್ನಾಟಕದಲ್ಲಿ ಇದಕ್ಕೆ ಉತ್ತಮ ನಿದರ್ಶನ ರೆಕ್ಕೆಯಿಲ್ಲದ ದಖನ್ ಮಿಡತೆ, ಅಂದರೆ ಜೋಳದ ಮಿಡತೆ. ಸ್ಪೇನ್ ದೇಶದ ಕೀಟತಜ್ಞ ಇಗ್ನೇಸಿಯೊ ಬೊಲಿವಾರ್ 1910ರಲ್ಲಿ ಇದನ್ನು ‘ಕೋಲ್ಮೇನಿಯ ಸ್ಫೆನಾರಿಯಾಯ್ಡಿಸ್’ ಎಂದು ಹೆಸರಿಸಿದರು. ಜಾತಿಯ ಹೆಸರು ಮೈಸೂರು ಸಂಸ್ಥಾನದ ಕೀಟತಜ್ಞ ಲೆಸ್ಲಿ ಕೋಲ್ಮನ್ ಅವರದು. ಪ್ರಭೇದದ ಹೆಸರು ಮೆಕ್ಸಿಕೋದ ರೆಕ್ಕೆಯಿಲ್ಲದ ‘ಸ್ಫೆನೇರಿಯಂ’ ಮಿಡತೆಯ ಹೋಲಿಕೆಯಿಂದ ಬಂದುದು. ಈ ಕೀಟದ ಕುರಿತ ಕೋಲ್ಮನ್ ಅವರ ವರದಿ 1911ರಲ್ಲಿ ಪ್ರಕಟವಾಯಿತು. ಪೂರ್ಣ ಬೆಳೆದ ಕೀಟಕ್ಕೂ ಹಾರಬಲ್ಲ ರೆಕ್ಕೆಗಳಿಲ್ಲದ ಕಾರಣ ನೋಡಿದವರು ಅದನ್ನು ಬೇರಾವುದೋ ಮಿಡತೆಯ ಮರಿಯೆಂದು ಭಾವಿಸುವುದು ಸಹಜ.

ಪರಿಹಾರ ನಿಂತಿರುವುದು ಈ ಗುರುತಿನ ಮೇಲೆಯೇ. ಜೋಳದ ಮಿಡತೆ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಮುಂಗಾರು ಮಳೆಗೆ ಮರಿಗಳು ಹೊರಬರುತ್ತವೆ. ಕೊಯ್ಲಿನ ನಂತರ ಉಳುಮೆ ಮಾಡಿದಲ್ಲಿ ಮೊಟ್ಟೆಗಳು ಬಿಸಿಲಿಗೆ, ಹಕ್ಕಿಗಳಿಗೆ ಸಿಕ್ಕಿ ನಾಶವಾಗುತ್ತವೆ. ಪೊದೆಮಿಡತೆಗಳಲ್ಲಿ ಅನೇಕವು ಗಿಡದ ಎಲೆ, ಕಾಂಡಗಳಲ್ಲಿ ಮೊಟ್ಟೆಯಿಡುವುದರಿಂದ ಅವುಗಳ ಮೇಲೆ ಉಳುಮೆಯ ಪರಿಣಾಮ ಅಷ್ಟಾಗಿ ಇರುವುದಿಲ್ಲ. ಮೇಲಾಗಿ ಅವುಗಳಲ್ಲಿ ಕೆಲವು ಇತರ ಕೀಟಗಳನ್ನೇ ತಿನ್ನುತ್ತವೆ. ಅಂತಹವುಗಳಿಗೆ ಔಷಧ ಸಿಂಪಡಿಸುವುದು ನಷ್ಟವೇ ಸರಿ.

ಪ್ರಪಂಚದಲ್ಲಿ ಸುಮಾರು 8,000 ಪೊದೆಮಿಡತೆ ಪ್ರಭೇದಗಳನ್ನು ಹೆಸರಿಸಲಾಗಿದೆ. ಇವುಗಳನ್ನು ಬೇರ್ಪಡಿಸುವುದು ತಜ್ಞರಿಗೂ ಸುಲಭವಲ್ಲ. ಒಂದೇ ಪ್ರಭೇದದಲ್ಲಿ ಹಸಿರು ಹಾಗೂ ಕಂದು ಬಣ್ಣದ ಕೀಟಗಳಿರಬಹುದು. ಒಣಗಿಸಿಟ್ಟ ಮಾದರಿಯ ಹಸಿರು ಮಾಸುತ್ತದೆ, ಮೀಸೆ ಮುರಿಯುತ್ತದೆ. ಪ್ರಭೇದವನ್ನು ತಿಳಿಸುವ ದನಿಯಂತೂ ಉಳಿಯುವುದೇ ಇಲ್ಲ. ಮರಿಗಳಲ್ಲಿ ಗುರುತಿಸಬೇಕಾದ ಅಂಗಗಳು ಇನ್ನೂ ಮೂಡಿರುವುದಿಲ್ಲ.

ಆದುದರಿಂದ ಸಂಶಯವಿದ್ದಲ್ಲಿ ರೈತ ಬಾಂಧವರು ಬೆಳೆದ ಕೀಟವನ್ನು ಮೀಸೆ, ಕಾಲು ಮುರಿಯದಂತೆ ಸಂಗ್ರಹಿಸಿ, ದೊರೆತ ದಿನಾಂಕ, ಗ್ರಾಮ ಹಾಗೂ ಬೆಳೆಯ ವಿವರದೊಂದಿಗೆ ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಒಪ್ಪಿಸುವುದು ಸೂಕ್ತ.