ಒಗ್ಗದ ಮದ್ದಿನಿಂದ ಬೆಳೆದ ಶಾಸ್ತ್ರ

ರೋಗಿಯ ವಂಶವಾಹಿಗಳನ್ನು, ಅಂದರೆ ತಂದೆತಾಯಿಯರಿಂದ ಮಕ್ಕಳಿಗೆ ದೇಹಗುಣಗಳನ್ನು ಸಾಗಿಸುವ ಘಟಕಗಳನ್ನು, ಪರೀಕ್ಷಿಸಿ ಅವರವರಿಗೆ ತಕ್ಕ ಔಷಧಿಯನ್ನು ನಿರ್ಧರಿಸುವ ಚಿಕಿತ್ಸಾಕ್ರಮವು 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆಯ ಫಲವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಅದರ ಬೇರುಗಳನ್ನು ಹುಡುಕಬೇಕಾದುದು ಮಲೇರಿಯಾ ಮಾತ್ರೆಯ ಅಡ್ಡಪರಿಣಾಮಗಳಲ್ಲಿ. ಒಬ್ಬರಿಗೆ ಹಿಡಿಸಿದ ಮದ್ದು ಇನ್ನೊಬ್ಬರಿಗೆ ಒಗ್ಗದು ಎಂಬುದು ಜನರಿಗೆ ಹಿಂದಿನಿಂದಲೂ ಗೊತ್ತಿತ್ತು, ಆಯುರ್ವೇದವು ಅದನ್ನು ಪ್ರಕೃತಿಭೇದದಿಂದ ವಿವರಿಸಿತ್ತು. ಗಾಳಿಗಿಟ್ಟರೆ ಮೂತ್ರ ಕಪ್ಪಾಗುವ ಆಲ್ಕಾಪ್ಟೋನ್ಯೂರಿಯಾ ಎಂಬ ವಿರಳ ಸ್ಥಿತಿಯು ಕೆಲವು ಮನೆತನಗಳಲ್ಲಿ ಅನುವಂಶಿಕವಾಗಿ ಬರುವುದನ್ನು ಗಮನಿಸಿದ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್, ಪ್ರತಿಯೊಬ್ಬರ ದೇಹಕ್ಕೂ ಅದರದೇ ರಾಸಾಯನಿಕ ಸ್ವಭಾವವಿದೆಯೆಂದು 1902ರಲ್ಲಿ ವಾದಿಸಿದನಾದರೂ, ಆ ಮಾತು ಆಸ್ಪತ್ರೆಯ ವಾರ್ಡುಗಳವರೆಗೆ ಬರಲು ಅರ್ಧ ಶತಮಾನ ಹಿಡಿಯಿತು.

ಎರಡನೆಯ ಮಹಾಯುದ್ಧದಲ್ಲಿ ಜಾವಾ ದ್ವೀಪ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಮಲೇರಿಯಾ ಮದ್ದಾದ ಕ್ವಿನೈನಿನ ಸರಬರಾಜು ಕಡಿದುಹೋದಾಗ, ಅಮೆರಿಕವು ಹೊಸ ಔಷಧಿಗಳನ್ನು ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಸೆರೆಮನೆಯ ಕೈದಿಗಳ ಮೇಲೆ ಪರೀಕ್ಷಿಸತೊಡಗಿತು. ಬಂಧನದಲ್ಲಿರುವವನ ಒಪ್ಪಿಗೆಯನ್ನು ಒಪ್ಪಿಗೆಯೆನ್ನಬಹುದೇ ಎಂಬ ಪ್ರಶ್ನೆ ಆ ಪ್ರಯೋಗಗಳಿಗೆ ಇಂದಿಗೂ ಅಂಟಿಕೊಂಡಿದೆ. ನಾಜಿ ವೈದ್ಯರ ಪರ ವಕೀಲರು ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಈ ಪ್ರಯೋಗಗಳನ್ನೇ ಉದಾಹರಿಸಿದ್ದರು. ಯಕೃತ್ತಿನಲ್ಲಿ ಅಡಗಿರುವ ವೈವಾಕ್ಸ್ ಮಲೇರಿಯಾದ ರೋಗಾಣುವನ್ನು ಕೊಲ್ಲುವ ಪ್ರಿಮಾಕ್ವಿನ್ ಅಲ್ಲಿ ಪರೀಕ್ಷೆಗೊಳಗಾದಾಗ ಹೆಚ್ಚಿನವರಿಗೆ ಒಗ್ಗಿತು, ಆದರೆ ಕೆಲವರಲ್ಲಿ, ಮುಖ್ಯವಾಗಿ ಆಫ್ರಿಕನ್ ಮೂಲದವರಲ್ಲಿ, ಕೆಂಪು ರಕ್ತಕಣಗಳು ಒಡೆದು ಮೂತ್ರ ಕಪ್ಪಾಯಿತು. ದೋಷವಿರುವುದು ಕಣದಲ್ಲೋ ದೇಹದ ಬೇರೆ ಭಾಗದಲ್ಲೋ ಎಂದು ತಿಳಿಯಲು ಸಂಶೋಧಕರು, ಔಷಧಿ ಒಗ್ಗದವನ ಕಣಗಳಿಗೆ ವಿಕಿರಣಶೀಲ ಕ್ರೋಮಿಯಂನ ಗುರುತು ಹಚ್ಚಿ ಅವನ್ನು ಒಗ್ಗುವವನ ದೇಹಕ್ಕೆ ಸೇರಿಸಿ ಪ್ರಿಮಾಕ್ವಿನ್ ಕೊಟ್ಟರು. ಗುರುತಿನ ಕಣಗಳು ಅಲ್ಲಿಯೂ ಒಡೆದವು. ಅದಲುಬದಲು ಮಾಡಿದಾಗ, ಒಗ್ಗುವವನ ಕಣಗಳು ಒಗ್ಗದವನ ದೇಹದಲ್ಲಿಯೂ ಸುರಕ್ಷಿತವಾಗಿ ಉಳಿದವು. ಕಣಕ್ಕೆ ರಕ್ಷಣೆ ನೀಡುವ ಜಿ-6-ಪಿಡಿ ಎಂಬ ಕಿಣ್ವದ, ಅಂದರೆ ದೇಹದ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಒಂದು ಪ್ರೋಟೀನಿನ, ಕೊರತೆಯೇ ಕಾರಣವೆಂದು 1956ರಲ್ಲಿ ಗೊತ್ತಾಯಿತು. ಇದರ ವಂಶವಾಹಿಯಿರುವುದು ಎಕ್ಸ್ ವರ್ಣತಂತುವಿನಲ್ಲಾದ್ದರಿಂದ, ಆ ತಂತು ಒಂದೇ ಇರುವ ಗಂಡಸರಲ್ಲಿ ತೊಂದರೆ ಹೆಚ್ಚು. ವಂಶವಾಹಿಗೂ ಔಷಧಿಗೂ ಇರುವ ಸಂಬಂಧವನ್ನು ಅಭ್ಯಸಿಸುವ ಈ ಶಾಖೆಗೆ ಜರ್ಮನಿಯ ಫ್ರೀಡ್ರಿಶ್ ಫೋಗೆಲ್ 1959ರಲ್ಲಿ ಫಾರ್ಮಕೋಜೆನೆಟಿಕ್ಸ್ ಎಂದು ಹೆಸರಿಟ್ಟನು.

ಇದೇ ಕಾಲದಲ್ಲಿ ಟೊರಾಂಟೊದ ವರ್ನರ್ ಕಾಲೋ, ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಕೆಲವರಲ್ಲಿ ನಿಮಿಷಗಳ ಬದಲು ಗಂಟೆಗಟ್ಟಲೆ ಉಸಿರಾಟವನ್ನು ತಡೆಯುವುದಕ್ಕೂ ಅನುವಂಶಿಕ ಕಿಣ್ವದೋಷವೇ ಕಾರಣವೆಂದು ತೋರಿಸಿದನು. ಈ ಸಂಗತಿ ಕರ್ನಾಟಕಕ್ಕೆ ದೂರದ್ದಲ್ಲ. ಕರ್ನಾಟಕ, ಆಂಧ್ರ ಮತ್ತು ತಮಿಳುನಾಡುಗಳಲ್ಲಿ ನೆಲೆಸಿರುವ, ತಮ್ಮೊಳಗೇ ಮದುವೆಯಾಗುತ್ತ ಬಂದ ವೈಶ್ಯ ಸಮುದಾಯದಲ್ಲಿ ಈ ಕಿಣ್ವದೋಷ ಹೆಚ್ಚೆಂಬುದು ಇಲ್ಲಿನ ಅರಿವಳಿಕೆ ತಜ್ಞರಿಗೆ ತಿಳಿದಿದ್ದು, ಅದಕ್ಕೆ ಕಾರಣವಾದ ವಂಶವಾಹಿ ಬದಲಾವಣೆಯನ್ನು 2006ರಲ್ಲಿ ಗುರುತಿಸಲಾಯಿತು. ಆದರೂ ಸಮುದಾಯದ ಹೆಸರು ವ್ಯಕ್ತಿಯ ಪರೀಕ್ಷೆಗೆ ಬದಲಿಯಾಗಲಾರದು, ಏಕೆಂದರೆ ಅದೇ ಸಮುದಾಯದ ಬಹುಪಾಲು ಜನರಲ್ಲಿ ಈ ಕಿಣ್ವ ಸರಿಯಾಗಿಯೇ ಇರುತ್ತದೆ.

ವ್ಯಕ್ತಿಯ ಪರೀಕ್ಷೆ ಏಕೆ ಮುಖ್ಯವೆಂಬುದನ್ನು ಮಲೇರಿಯಾ ಔಷಧಿಗಳೇ ತೋರಿಸುತ್ತವೆ. ಪ್ರಿಮಾಕ್ವಿನ್ ದಿನಕ್ಕಿಷ್ಟು ಎಂದು ಹಲವು ದಿನ ನುಂಗುವ ಮಾತ್ರೆಯಾದ್ದರಿಂದ, ಮೂತ್ರದ ಬಣ್ಣ ಬದಲಾದ ಕೂಡಲೇ ಅದನ್ನು ನಿಲ್ಲಿಸಲು ಅವಕಾಶವಿದೆ. ಅಮೆರಿಕದಲ್ಲಿ 2018ರಲ್ಲಿ ಮಾನ್ಯತೆ ಪಡೆದ ಅದರ ಸಂಬಂಧಿ ಟಫೆನೊಕ್ವಿನ್ ಒಂದೇ ಸಲ ಕೊಡುವ ಔಷಧಿಯಾಗಿದ್ದು ವಾರಗಟ್ಟಲೆ ದೇಹದಲ್ಲಿ ಉಳಿಯುವುದರಿಂದ, ಕೊಡುವ ಮೊದಲೇ ಜಿ-6-ಪಿಡಿ ಪರೀಕ್ಷೆ ಮಾಡಿಸುವುದು ಕಡ್ಡಾಯವಾಗಿದೆ.