ಎರಡು ಪೀಪಾಯಿ ನೀರು

ನಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಒಂದು ಸೋಲಾ ಟೋಪಿ ಬಹಳ ವರ್ಷ ಬಿದ್ದಿತ್ತು. ಅಜ್ಜ ಮುಂಬಯಿ ಸರಕಾರದ ಕಾಲದಲ್ಲಿ ವಿಜಾಪುರ ಜಿಲ್ಲೆಯಲ್ಲಿ ಓವರ್‌ಸಿಯರ್ ಆಗಿದ್ದವರು. ಧೋತರ, ಕೋಟು, ತಲೆಯ ಮೇಲೆ ಆ ಟೋಪಿ. ಅದಿಲ್ಲದೆ ಹಿತ್ತಲಿಗೂ ಹೋಗುತ್ತಿರಲಿಲ್ಲವಂತೆ. “ಬಿಸಲು ನೆತ್ತಿಗೆ ಹತ್ತಬಾರದು, ಬೆನ್ನಹುರಿಗೆ ಹತ್ತಬಾರದು” ಎನ್ನುವುದು ಸಾಹೇಬರಿಂದ ಅವರು ಕಲಿತ ಪಾಠ. ಸಾಹೇಬರಂತೂ ಅಂಗಿಯ ಬೆನ್ನಿಗೆ ಹತ್ತಿ ತುಂಬಿದ ಮೆತ್ತೆಯೊಂದನ್ನು ಬೇರೆ ಹೊಲಿಸಿಕೊಳ್ಳುತ್ತಿದ್ದರು. ಸೂರ್ಯನ ಕಿರಣಗಳಲ್ಲಿ ಕಣ್ಣಿಗೆ ಕಾಣದ ಏನೋ ಒಂದು ಅಂಶ ತಲೆಬುರುಡೆಯನ್ನೂ ಬೆನ್ನೆಲುಬನ್ನೂ ತೂರಿಕೊಂಡು ಹೋಗಿ ಮಿದುಳನ್ನು ಕೆಡಿಸುತ್ತದೆಂದು ವೈದ್ಯರೇ ನಂಬಿದ್ದ ಕಾಲ ಅದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸೈನ್ಯ ಇದೇ ನಂಬಿಕೆಯ ಮೇಲೆ ಫಿಲಿಪೈನ್ಸ್‌ನಲ್ಲಿದ್ದ ನೂರಾರು ಸಿಪಾಯಿಗಳಿಗೆ ಕಿತ್ತಳೆ ಬಣ್ಣದ ಒಳ‌ಉಡುಪು ಹಾಕಿಸಿ ನೋಡಿತು. ಕಿರಣ ತಡೆಯುವುದಿರಲಿ, ಅದರಿಂದ ಸಿಪಾಯಿಗಳಿಗೆ ಸೆಕೆಯೇ ಹೆಚ್ಚಾಯಿತು.

ಈಗ ಇದನ್ನು ಓದಿ ನಗು ಬರುತ್ತದೆ. ಆದರೆ 1973ರಲ್ಲಿ ನನ್ನ ತಲೆಯಲ್ಲಿದ್ದ ತಿಳಿವಳಿಕೆ ಅಜ್ಜನ ಟೋಪಿಗಿಂತ ಹೆಚ್ಚು ಮುಂದೆ ಹೋಗಿರಲಿಲ್ಲ.

ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಜಿಲ್ಲೆಯ ತುಂಬ ಬರಗಾಲದ ಕಾಮಗಾರಿಗಳು. ನನಗೆ ಇಪ್ಪತ್ತೆರಡರ ಹರೆಯ, ಬಿ.ಎ. ಮುಗಿಸಿ ಒಂದು ರಸ್ತೆ ಕೆಲಸದ ಮೇಲೆ ತಾತ್ಪೂರ್ತಿಕ ಹಾಜರಿ ಕಾರಕೂನನಾಗಿ ಸೇರಿಕೊಂಡಿದ್ದೆ. ಹೆಸರು ಕೂಗಿ ಮಸ್ಟರ್ ತುಂಬುವುದು, ಸಂಜೆ ಒಡೆದ ಖಡಿಯ ರಾಶಿಗಳನ್ನು ಅಳೆಯುವುದು ನನ್ನ ಕೆಲಸ. ಕೂಲಿ ದಿನಕ್ಕಲ್ಲ, ರಾಶಿಗೆ. ಈ ಒಂದು ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಆದದ್ದಕ್ಕೆಲ್ಲ ಅದರ ಸಂಬಂಧವಿದೆ.

ಏಪ್ರಿಲ್ ತಿಂಗಳ ಒಂದು ಸೋಮವಾರ ಗುಳೇದಗುಡ್ಡದ ಕಡೆಯ ಒಂದು ನೇಕಾರ ಕುಟುಂಬ ಕೆಲಸಕ್ಕೆ ಬಂತು. ಖಣ ಕೊಳ್ಳುವವರೇ ಇಲ್ಲದೆ ಮಗ್ಗ ನಿಂತಿತ್ತು. ಗಂಡನಿಗೆ ಮೂವತ್ತೈದು ಇರಬಹುದು. ಹುಟ್ಟಿದಾಗಿನಿಂದ ಕುಣಿಮಗ್ಗದ ತಂಪಿನಲ್ಲಿ ಕೂತು ಲಾಳಿ ಎಸೆದ ಮನುಷ್ಯ. ಬಣ್ಣ ಕೂಡ ನೆರಳಿನ ಬಣ್ಣ. ಮೂರನೆಯ ದಿನ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಅವನು ಸುತ್ತಿಗೆ ಕೆಳಗಿಟ್ಟು ಕೂತುಬಿಟ್ಟ. ಹೋಗಿ ನೋಡಿದೆ. ಮುಖ ಬೂದಿಯಂತಾಗಿತ್ತು, ಮೈಯೆಲ್ಲ ಬೆವರು, ಮುಟ್ಟಿದರೆ ತಣ್ಣಗೆ. ತಲೆ ಸಿಡಿಯುತ್ತದೆ, ಹೊಟ್ಟೆ ತೊಳೆಸುತ್ತದೆ, ಮೀನಖಂಡ ಹಿಡಿಯುತ್ತದೆ ಎಂದ. ಜಾಲಿಯ ಮರದ ಕೆಳಗೆ ಕೂಡಿಸಿ ಎರಡು ತಂಬಿಗೆ ನೀರು ಕೊಟ್ಟೆವು. ಅರ್ಧ ತಾಸಿಗೆ ಎದ್ದು ನಿಂತ.

“ಇನ್ನೊಂದೀಟ ಕುಂದರು ಮಾರಾಯಾ” ಎಂದೆ.

“ಇಲ್ರಿ ಸಾಹೇಬ್ರ, ರಾಶಿ ಹಿಂದ ಬೀಳತೈತಿ” ಎಂದು ಹೋದ. ನಾನು ತಡೆಯಲಿಲ್ಲ. ಒಳ್ಳೆಯ ದುಡಿಮೆಗಾರ ಅಂತ ಮನಸ್ಸಿನಲ್ಲಿ ಮೆಚ್ಚಿಕೊಂಡೆ ಕೂಡ.

ಮೂರು ಗಂಟೆಯ ಹೊತ್ತಿಗೆ ಅವನು ಏನೇನೋ ಮಾತಾಡತೊಡಗಿದ. “ಎಳಿ ಹರದೈತಿ, ಎಳಿ ಹರದೈತಿ” ಎಂದು ಗಾಳಿಯಲ್ಲಿ ಕೈಯಾಡಿಸುತ್ತಿದ್ದ. ಹೆಂಡತಿಯನ್ನು ಗುರುತಿಸಲಿಲ್ಲ. ಮೇಸ್ತ್ರಿ, ಕುಡಿದಿದ್ದಾನೆ ಎಂದ. ಒಬ್ಬ ಮುದುಕಿ ಗಾಳಿ ಸೋಕಿದೆ ಎಂದಳು. ನಾನು ಹಣೆ ಮುಟ್ಟಿದೆ, ಹಂಚು ಮುಟ್ಟಿದಂತಾಯಿತು. ಆದರೆ ಮೈಮೇಲೆ ಇನ್ನೂ ಬೆವರಿತ್ತು. ಝಳ ಬಡಿದವನ ಮೈ ಒಣಗಿರುತ್ತದೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದೆನಲ್ಲ, ಹಾಗಾಗಿ ಇದು ಅದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹತ್ತು ಮಾರು ದೂರದಲ್ಲಿ ಎರಡು ಪೀಪಾಯಿ ನೀರಿತ್ತು. ಎತ್ತಿನ ಬಂಡಿಯಲ್ಲಿ ಮೂರು ಮೈಲಿಯಿಂದ ತಂದ, ಇನ್ನೂರು ಜನ ಸಂಜೆತನಕ ಕುಡಿಯಬೇಕಾದ ನೀರು. ಅದನ್ನು ಮೈಮೇಲೆ ಸುರಿಯುವ ವಿಚಾರ ಯಾರಿಗೂ ಬರಲಿಲ್ಲ. ಒಬ್ಬ ಹುಡುಗ ತಂಬಿಗೆ ಎತ್ತಿಕೊಂಡು ಬಂದದ್ದು ನಿಜ. “ಕಾದ ಮೈಮ್ಯಾಲ ತಣ್ಣೀರ ಹಾಕಬ್ಯಾಡೋ, ಸನ್ನಿ ಆದೀತು” ಎಂದು ಹಿರಿಯರು ತಡೆದರು. ನಾನೂ ತಲೆಯಾಡಿಸಿದೆ. ಕಂಬಳಿ ಹೊದಿಸಿ, ಬಂಡಿ ಕಟ್ಟಿ, ಏಳು ಮೈಲಿ ದೂರದ ದವಾಖಾನೆಗೆ ಕಳಿಸಿದೆವು. ದಾರಿಯಲ್ಲಿ ತೀರಿಕೊಂಡ.

ಇಲ್ಲಿಂದ ಮುಂದಿನದು ಓದಿನ ಕಥೆ. ನಿವೃತ್ತಿಯ ಅನಂತರ ನಾನು ಈ ವಿಷಯವಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಯಿತು: ನನಗೆ ಗೊತ್ತಿರಬೇಕಾದದ್ದೆಲ್ಲ 1973ಕ್ಕೆ ಬಹಳ ಮೊದಲೇ ಯಾರಿಗೋ ಎಲ್ಲಿಯೋ ಗೊತ್ತಾಗಿತ್ತು.

ಜೆ. ಎಸ್. ಹಾಲ್ಡೇನ್ ಎಂಬ ಬ್ರಿಟಿಷ್ ಶರೀರವಿಜ್ಞಾನಿಯಿಂದಲೇ ಶುರುಮಾಡೋಣ. ಪರರ ಮೇಲೆ ಪ್ರಯೋಗ ಮಾಡುವ ಮೊದಲು ತನ್ನ ಮೇಲೆ ಮಾಡಿಕೊಳ್ಳುವ ಆಸಾಮಿ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಆಳದ ತವರದ ಗಣಿಗೂ ಬಿಸಿ ಕೋಣೆಗಳಿಗೂ ತಾನೇ ಹೊಕ್ಕು, ತನ್ನ ಜ್ವರವನ್ನು ತಾನೇ ಅಳೆದುಕೊಂಡು 1905ರಲ್ಲಿ ಒಂದು ಲೇಖನ ಬರೆದ. ಸಾಮಾನ್ಯ ಥರ್ಮಾಮೀಟರ್ ತೋರಿಸುವ ಅಂಕಿಯನ್ನು ನಂಬಬೇಡಿ; ಅದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿದಾಗ ಎಷ್ಟು ತೋರಿಸುತ್ತದೆ ನೋಡಿ ಎಂದು ಹೇಳಿದ. ಮಣ್ಣಿನ ಗಡಿಗೆ ನೀರನ್ನು ತಂಪು ಮಾಡುವ ರೀತಿಯಲ್ಲೇ ಬೆವರು ಮೈಯನ್ನು ತಂಪು ಮಾಡುವುದು. ಆರಿದರೆ ಮಾತ್ರ ತಂಪು. ಗಾಳಿಯಾಡದ ಕಡೆ ಆ ಒದ್ದೆ ಬುರುಡೆಯ ಅಂಕಿ ಸುಮಾರು 31 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ, ಅಂಗಿ ಕಳಚಿ ಸುಮ್ಮನೆ ಕೂತವನ ಮೈಯೂ ಏರುತ್ತ ಹೋಗುತ್ತದೆ. ಕರಾವಳಿಯಲ್ಲಿ 34 ಡಿಗ್ರಿಗೇ ಜೀವ ಹೋದಂತಾಗುವುದು, ನಮ್ಮ ಕಡೆ 41ರಲ್ಲೂ ಮನುಷ್ಯರು ಓಡಾಡಿಕೊಂಡಿರುವುದು ಈ ಕಾರಣಕ್ಕೆ. ಹಾಗೆಂದು ಒಣ ಸೆಕೆ ಸಾಧುವಲ್ಲ. ಅಲ್ಲಿ ಬೆವರು ಹುಟ್ಟುತ್ತಲೇ ಆರಿಹೋಗುವುದರಿಂದ ಎಷ್ಟು ಕಳೆದುಕೊಂಡೆವೆಂಬುದು ತಿಳಿಯುವುದೇ ಇಲ್ಲ. ಸಂಜೆ ಅಂಗಿಯ ಬೆನ್ನ ಮೇಲೆ ಉಪ್ಪಿನ ನಕಾಶೆ ಕಂಡಾಗಲೇ ಲೆಕ್ಕ ಸಿಗುವುದು.

ಈ ಕಾರ್ನ್‌ವಾಲಿನ ಗಣಿಗಾರರೇ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಬಂದು ನೆಲೆಸಿದ್ದರು. ಅಲ್ಲಿನ ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ದಾಟುತ್ತಿತ್ತು. ಗಾಳಿಯನ್ನು ಯಂತ್ರದಿಂದ ತಂಪುಮಾಡಿ ಕೆಳಗೆ ಕಳಿಸದ ಹೊರತು ಅಲ್ಲಿ ಕೆಲಸ ಸಾಧ್ಯವಿರಲಿಲ್ಲ. ಸೂರ್ಯನ ಒಂದು ಕಿರಣವೂ ಸುಳಿಯದ ಜಾಗ ಅದು. ಅಜ್ಜನ ಟೋಪಿ ಅಲ್ಲಿ ಏನು ಮಾಡೀತು? 2001ರಲ್ಲಿ ಆ ಗಣಿಗಳು ಮುಚ್ಚಿದವು.

ನನ್ನನ್ನು ಹೆಚ್ಚು ಕಾಡಿದ್ದು ಅಮೆರಿಕದ ಹೂವರ್ ಅಣೆಕಟ್ಟಿನ ಕಥೆ. 1931ರ ಬೇಸಿಗೆ, ಕೊಲರಾಡೊ ನದಿಯ ಕಲ್ಲಿನ ಕಣಿವೆ. ಆರ್ಥಿಕ ಕುಸಿತದ ಕಾಲವಾದ್ದರಿಂದ ಕೆಲಸ ಕಳೆದುಕೊಂಡ ಕಾರಕೂನರು, ಅಂಗಡಿಕಾರರು, ಎಂದೂ ಗುದ್ದಲಿ ಹಿಡಿಯದವರು ಅಲ್ಲಿಗೆ ಗುಳೆ ಬಂದಿದ್ದರು. ಜೂನ್ ಕೊನೆಯಿಂದ ಒಂದು ತಿಂಗಳೊಳಗೆ ಹನ್ನೆರಡಕ್ಕೂ ಹೆಚ್ಚು ಜನ ಸೆಕೆಯಿಂದಲೇ ಸತ್ತರು. ಆಗಸ್ಟಿನಲ್ಲಿ ಮುಷ್ಕರವಾಯಿತು, ಬೇಡಿಕೆಗಳಲ್ಲಿ ತಣ್ಣನೆಯ ಕುಡಿಯುವ ನೀರೂ ಒಂದು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದ ಆಯಾಸ ಪ್ರಯೋಗಾಲಯದಿಂದ ಡೇವಿಡ್ ಬ್ರೂಸ್ ಡಿಲ್, ಜಾನ್ ಟಾಲ್ಬಟ್ ಮೊದಲಾದವರು ಅಲ್ಲಿಗೇ ಬಂದು ಕೂಲಿಗಳ ಬೆವರು, ಮೂತ್ರ, ರಕ್ತ ಪರೀಕ್ಷಿಸಿದರು. ಸೆಳೆತ ಬಂದು ಒದ್ದಾಡುವವರ ಮೈಯಲ್ಲಿ ಉಪ್ಪು ತೀರಿಹೋಗಿತ್ತು. ಬರಿ ನೀರು ಕುಡಿದಷ್ಟೂ ಅವರ ರಕ್ತ ತೆಳ್ಳಗಾಗುತ್ತಿತ್ತು. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಮಾಸ್ ಎಂಬವನು 1923ರಲ್ಲೇ ಹೇಳಿದ್ದೂ ಇದನ್ನೇ. ಇದರಿಂದಾಗಿ ಮುಂದೆ ಕಾರ್ಖಾನೆಗಳಲ್ಲಿ ಉಪ್ಪಿನ ಗುಳಿಗೆಯ ಡಬ್ಬಿಗಳು ಬಂದವು. ಅವು ಹೊಟ್ಟೆ ಕೆಡಿಸುತ್ತವೆಂದು ತಿಳಿದ ಮೇಲೆ ಹಿಂದೆ ಸರಿದವು. ಊಟದಲ್ಲಿ ಉಪ್ಪು, ಪದೇ ಪದೇ ನೀರು, ಬಹಳ ಹೊತ್ತು ಬೆವರಿದವನಿಗೆ ಉಪ್ಪು-ಸಕ್ಕರೆಯ ನೀರು ಎಂಬಲ್ಲಿಗೆ ಈಗ ಮಾತು ನಿಂತಿದೆ. ಉಪ್ಪು ಹಾಕಿದ ಜೋಳದ ಅಂಬಲಿ, ನೀರುಮಜ್ಜಿಗೆ ಕುಡಿದು ಹೊಲಕ್ಕೆ ಹೋಗುತ್ತಿದ್ದ ನಮ್ಮ ಹೆಣ್ಣುಮಕ್ಕಳಿಗೆ ಹಾರ್ವರ್ಡಿನವರು ಬರಬೇಕಾಗಿರಲಿಲ್ಲ. ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವುದು ಮಾತ್ರ ಕಿಸೆಗೇ ಸೀಮಿತ. ರೊಟ್ಟಿಯ ಜೊತೆ ತಿಂದರೆ ಉತ್ತಮ.

ಹೊಸಬರ ವಿಷಯ ಬಂತಲ್ಲ, ಅದೇ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ 1920ರ ದಶಕದಲ್ಲಿ ಹೀಗೆಯೇ ಸಾವುಗಳಾದಾಗ ಡ್ರಿಯೋಸ್ಟಿ ಎಂಬ ವೈದ್ಯ ಹೊಸದಾಗಿ ಬಂದ ಕೂಲಿಗಳನ್ನು ಪರೀಕ್ಷಿಸಿ, ಸೆಕೆಗೆ ಹಂತಹಂತವಾಗಿ ಒಗ್ಗಿಸುವ ಕ್ರಮ ತಂದ. 1935ರಲ್ಲಿ ಅದನ್ನು ಪ್ರಕಟಿಸಿದ. ಬಿಳಿಯ ಮಾಲಿಕರಿಗೆ ಕರಿಯ ಕೂಲಿಗಳ ಮೇಲಿನ ಮಮತೆಗಿಂತ ಚಿನ್ನದ ಮೇಲಿನ ಮಮತೆ ದೊಡ್ಡದಿದ್ದೀತು. ಜೀವಗಳು ಉಳಿದವೆಂಬುದೂ ಸುಳ್ಳಲ್ಲ. ಒಂದೆರಡು ವಾರದಲ್ಲಿ ಮೈ ಕಲಿಯುತ್ತದೆ: ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಎದೆಬಡಿತ ಹತೋಟಿಗೆ ಬರುತ್ತದೆ. ಕಲಿಯುವ ಮೊದಲೇ ಪೂರ್ತಿ ದುಡಿಸಿದರೆ ಅಪಾಯ. ಅಮೆರಿಕದ ಕಾರ್ಮಿಕ ಇಲಾಖೆಯ ಲೆಕ್ಕದಲ್ಲಿ ಬಯಲಲ್ಲಿ ಸೆಕೆಯಿಂದ ಸತ್ತವರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ದಿನವೇ ಸತ್ತವರು. ಮೊದಲ ವಾರದೊಳಗೆ ಸತ್ತವರು ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು. ಮೊದಲ ದಿನ ಐದನೆಯ ಒಂದು ಪಾಲು ಹೊತ್ತು ಮಾತ್ರ ಬಿಸಿಲಲ್ಲಿ ಕೆಲಸ, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸುತ್ತ ಹೋಗಿ ಎನ್ನುತ್ತಾರೆ ಅಲ್ಲಿನವರು. ನನ್ನ ನೇಕಾರ ಮೂರನೆಯ ದಿನದವನು.

ಒಂದು ಗಂಟೆಗೆ ಅವನಿಗೆ ಆಗಿದ್ದು ಬಿಸಿಲ ಬಳಲಿಕೆ. ಧಾರಾಳ ಬೆವರು, ಬಿಳಚಿದ ಮುಖ, ತಲೆನೋವು, ವಾಕರಿಕೆ, ಸೆಳೆತ, ತಲೆಸುತ್ತು. ಆದರೆ ಬುದ್ಧಿ ಸರಿಯಾಗಿತ್ತು, ರಾಶಿಯ ಲೆಕ್ಕ ಹೇಳಿದನಲ್ಲ. ಚರ್ಮವನ್ನು ತಣಿಸಲು ರಕ್ತವೆಲ್ಲ ಹೊರಗೆ ಹರಿದು, ಬೆವರಿ ಬೆವರಿ ಅದರ ಪ್ರಮಾಣವೂ ತಗ್ಗಿ, ಹೃದಯ ಸೋಲತೊಡಗಿದ ಸ್ಥಿತಿ. ನೆರಳು, ಕಾಲು ಮೇಲೆತ್ತಿ ಮಲಗಿಸುವುದು, ಒದ್ದೆ ಬಟ್ಟೆ, ಉಪ್ಪು ಬೆರೆಸಿದ ನೀರು, ಆ ದಿನ ಮತ್ತೆ ಕೆಲಸಕ್ಕೆ ಕಳಿಸದಿರುವುದು, ಇಷ್ಟು ಸಾಕಿತ್ತು. ಮೂರು ಗಂಟೆಗೆ ಆಗಿದ್ದು ಬೇರೆ. ಮೈ 40 ಡಿಗ್ರಿ ದಾಟಿ ಮಾತು ತಪ್ಪಿತೆಂದರೆ ಅದು ಬಿಸಿಲಾಘಾತ. ದುಡಿಯುತ್ತಲೇ ಬಿದ್ದವನ ಮೈಮೇಲೆ ಆಗಲೂ ಬೆವರಿರಬಹುದು. ನೋಡಬೇಕಾದದ್ದು ಬೆವರನ್ನಲ್ಲ, ಬುದ್ಧಿಯನ್ನು. ಅಂಥವನ ಬಾಯಿಗೆ ನೀರು ಹೊಯ್ಯಬಾರದು; ಮೈಮೇಲೆ ಹೊಯ್ಯಬೇಕು, ಗಾಳಿ ಹಾಕಬೇಕು, ಹೊಯ್ಯುತ್ತಲೇ ಇರಬೇಕು. ಮೊದಲು ತಣಿಸುವುದು, ಬಂಡಿ ಕಟ್ಟುವುದು ಆಮೇಲೆ. ನಾವು ಕಂಬಳಿ ಹೊದಿಸಿದೆವು.

ಒಂದು ಪೀಪಾಯಿ ಸಾಕಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಇನ್ನೊಂದರಲ್ಲಿ ಇನ್ನೂರು ಜನ ಸಂಜೆತನಕ ಹೇಗೋ ಸುಧಾರಿಸುತ್ತಿದ್ದರೋ ಏನೋ.

ನೀರಿನ ವಿಷಯದಲ್ಲಿ ನಮ್ಮ ನಾಡು ತಿಳಿಯದ್ದೇನಲ್ಲ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗೆಂದು ದತ್ತಿ ಬಿಟ್ಟ ಮಾತು ನಮ್ಮ ಹಳೆಯ ಶಾಸನಗಳಲ್ಲಿದೆ. ರಾಮನವಮಿಯ ಪಾನಕವೂ ಬೇಸಿಗೆಗೇ ಬರುತ್ತದೆ. ಆದರೆ ಅವೆಲ್ಲ ದಾರಿಯಲ್ಲಿ ನಡೆಯುವವರಿಗೆ. ದಾರಿ ಕಡಿಯುವವರ ಲೆಕ್ಕ ಬೇರೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಮಾಮೂಲಿಗಿಂತ 1,344 ಸಾವು ಹೆಚ್ಚಾದ ಮೇಲೆ, 2013ರಲ್ಲಿ ಆ ಊರು ಮುಂಚಿತವಾಗಿ ಎಚ್ಚರಿಸುವ ಒಂದು ಯೋಜನೆ ಮಾಡಿಕೊಂಡಿತು. ನಮ್ಮ ಕಡೆಯ ಸರಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿಯಿದೆ. ಫ್ಯಾನಿನ ಕೆಳಗೆ ಕೂರುವವರಿಗೆ ಮೊದಲು ಸಿಕ್ಕ ಸೌಲಭ್ಯ. ಉದ್ಯೋಗ ಖಾತರಿಯ ಕೆಲಸಗಳಲ್ಲಿ ಬೇಸಿಗೆಗೆ ಅಳತೆಯಲ್ಲಿ ರಿಯಾಯಿತಿ ಕೊಡುವ ಕ್ರಮವೂ ಬಂತು. ಅದನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅಂದು ಸಂಜೆ ನಾನು ಆ ನೇಕಾರನ ಅರ್ಧ ರಾಶಿಯನ್ನು ಅಳೆದಿದ್ದೆ. ಅಂಗುಲದ ಲೆಕ್ಕದಲ್ಲಿ, ಬಹಳ ಪ್ರಾಮಾಣಿಕವಾಗಿ.

ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಗಟಾರಿನ ಕೆಲಸ ನಡೆದಿತ್ತು. ಮಧ್ಯಾಹ್ನ ಎರಡು ಗಂಟೆ. ಹದಿನೆಂಟು-ಇಪ್ಪತ್ತರ ಒಬ್ಬ ಹುಡುಗ ಸಲಿಕೆಗೆ ಒರಗಿಕೊಂಡು ಕಣ್ಣುಮುಚ್ಚಿ ನಿಂತಿದ್ದ. ಹತ್ತಿರ ಹೋಗಿ, ಹೆಸರೇನಪ್ಪಾ ಎಂದೆ.

ಗುತ್ತಿಗೆದಾರನ ಕಡೆಯವನು ಎದ್ದು ಬಂದ. “ಯಾಕ್ರಿ ಕಾಕಾ, ಏನ್ ಬೇಕಾಗಿತ್ರಿ?”

“ಏನಿಲ್ಲಪಾ, ಮಾತಾಡ್ಸಾಕ್ಹತ್ತೀನಿ” ಎಂದು ಹುಡುಗನ ಕಡೆ ತಿರುಗಿದೆ. “ಯಾವೂರು? ಎಂದ ಬಂದಿ ಕೆಲಸಕ್ಕ? ಇವತ್ತ ಯಾವ ವಾರ?”

ಇಬ್ಬರೂ ನನ್ನನ್ನು, ಈ ಮುದುಕನಿಗೇ ಬಿಸಿಲು ಹತ್ತಿರಬೇಕು ಎಂಬಂತೆ ನೋಡಿದರು. ಹುಡುಗ ಹೆಸರು ಹೇಳಿದ, ಊರು ಹೇಳಿದ. “ನಿನ್ನೆ ಬಂದೇನ್ರಿ” ಎಂದ. ಸ್ವಲ್ಪ ತಡೆದು, ವಾರವನ್ನೂ ಸರಿಯಾಗಿ ಹೇಳಿದ. ನಾನು ಗೇಟು ತೆರೆದು ಬೇವಿನ ಗಿಡದ ಕೆಳಗೆ ಅವನಿಗೊಂದು ಮಣೆ ಹಾಕಿ, ಮಜ್ಜಿಗೆ ತರಲು ಒಳಗೆ ಹೋದೆ.