ವಿಶ್ಲೇಷಣಾತ್ಮಕ ಚಿಂತನೆ, ಪ್ರಾಥಮಿಕ ಶಾಲೆಯಲ್ಲಿ

ಒಂದು ವಸ್ತುವನ್ನೋ ಸಂಗತಿಯನ್ನೋ ಬಿಡಿಸಿ ನೋಡಿ, ಅದರ ಭಾಗಗಳ ಸಂಬಂಧ ಗುರುತಿಸಿ, ತೀರ್ಮಾನಕ್ಕೆ ಕಾರಣ ಕೊಡುವ ಅಭ್ಯಾಸವೇ ವಿಶ್ಲೇಷಣಾತ್ಮಕ ಚಿಂತನೆ. ಇದಕ್ಕೆಂದೇ ಬೇರೆ ಪಿರಿಯಡ್ ಇಡುವುದಕ್ಕಿಂತ, ಮಗುವಿಗೆ ಗೊತ್ತಿರುವ ವಸ್ತುವನ್ನು ಹಿಡಿದು ಮನೆಮಾತಿನಲ್ಲಿ, ಪಾಠದೊಳಗೇ ಬೆಳೆಸುವುದು ಮೇಲು. 7ರಿಂದ 11 ವರ್ಷದ ಮಕ್ಕಳ ತರ್ಕ ಕಣ್ಣೆದುರಿನ ವಸ್ತುಗಳನ್ನು ಆಧರಿಸಿ ಬಲಿಯುತ್ತದೆ ಎಂದು ಮನೋವಿಜ್ಞಾನಿ ಪಿಯಾಜೆ ತೋರಿಸಿದರು. ಹಾವೇರಿ ಜಿಲ್ಲೆಯಲ್ಲಿ ಅಂಥ ವಸ್ತುಗಳಿಗೆ ಬರವಿಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆ: ಕಡ್ಡಿ ಉದ್ದ, ತೆಳುವು, ಡಬ್ಬಿ ಗಿಡ್ಡ, ದಪ್ಪ. ಮೂರನೆಯ ತರಗತಿಯವರ ಮುಂದೆ ಒಂದು ಬೊಗಸೆ ಕಾಯಿ ಸುರಿದು ಆರಿಸಲು ಹೇಳಿದರೆ ಅವರು ಮೊದಲು ಉದ್ದ ನೋಡಿ ಗುಂಪು ಮಾಡುತ್ತಾರೆ. (ಖಾರ ಕಡಿಮೆಯಾದರೂ ಆಮೇಲೆ ಕೈ ತೊಳೆಸಲೇಬೇಕು.) ಉದ್ದವೂ ಇದ್ದು ದಪ್ಪವೂ ಇರುವ ಕಾಯಿಯೊಂದನ್ನು ಎತ್ತಿ ಹಿಡಿದು, "ಇದನ್ನ ಯಾವ ಗುಂಪಿಗೆ ಹಾಕ್ತಿ? ಯಾಕ?" ಎಂದು ಶಿಕ್ಷಕಿ ಕೇಳಿದರೆ, ಮಗು ತಾನೇ ಮಾಡಿಕೊಂಡ ನಿಯಮವನ್ನು ತಿದ್ದಬೇಕಾಗುತ್ತದೆ. ಖಾರ ಕಡಿಮೆಯಿದ್ದರೂ ಬ್ಯಾಡಗಿ ಕಾಯಿಗೆ ಪೇಟೆಯಲ್ಲಿ ಬೆಲೆ ಬರುವುದು ಬಣ್ಣದಿಂದ. ಏಕೆ ಎಂದು ಹುಡುಕುವುದು ಐದನೆಯ ತರಗತಿಗೆ ತಕ್ಕ ಕೆಲಸ.

ಓದು, ಬರಹ, ಲೆಕ್ಕ ಗಟ್ಟಿಯಾಗದೆ ಇದೆಲ್ಲ ಏಕೆ ಎಂಬ ಆಕ್ಷೇಪ ಹಗುರವಾದುದಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳಿಗೆ ತತ್ವಚರ್ಚೆಯ ತರಗತಿ ನಡೆಸಿದಾಗ ಓದು, ಗಣಿತಗಳಲ್ಲಿ ಅಲ್ಪ ಪ್ರಗತಿ ಆಯಿತೆಂದು 2015ರ ಅಧ್ಯಯನ ಹೇಳಿತ್ತು. 2021ರಲ್ಲಿ ಪ್ರಕಟವಾದ ಮರುಪರೀಕ್ಷೆಯಲ್ಲಿ ಓದಿನ ಮೇಲೆ ಪರಿಣಾಮ ಕಾಣಲಿಲ್ಲ. ಪಾಠಕ್ಕೆ ಹೊರಗಿನ ಚರ್ಚೆಯ ಫಲ ಪಾಠಕ್ಕೆ ತಾನಾಗಿ ಹರಿದುಬರುತ್ತದೆಂದು ನಂಬುವಂತಿಲ್ಲ ಎಂಬುದೇ ಇದರಿಂದ ಹೊರಡುವ ಅರ್ಥ. ಆದರೆ ಮೆಣಸಿನಕಾಯಿ ಆರಿಸುವಾಗ ಎಣಿಕೆಯೂ, ಕಾರಣ ಬರೆಯುವಾಗ ಬರಹವೂ ಆಗುವುದರಿಂದ ಇಲ್ಲಿ ಚಿಂತನೆಗೂ ಪಾಠಕ್ಕೂ ಪೈಪೋಟಿ ಇಲ್ಲ. ಒಬ್ಬರೇ ಶಿಕ್ಷಕರು ಹಲವು ತರಗತಿ ನೋಡಿಕೊಳ್ಳುವ ಶಾಲೆಗೆ ಇದು ಹೊರೆ ಎಂಬ ಮಾತಿಗೆ ಉತ್ತರ ನಮ್ಮಲ್ಲೇ ಇದೆ: 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಕಾರ್ಡು ಹಿಡಿದು ಗುಂಪುಗಳಲ್ಲಿ ಕಲಿಯುತ್ತಾರೆ. ಆದರೆ ಕಾರ್ಡು ಮುಗಿಸುವುದೇ ಗುರಿಯಾದರೆ "ಯಾಕ" ಎಂಬ ಪ್ರಶ್ನೆಗೆ ಜಾಗ ಉಳಿಯುವುದಿಲ್ಲ. ಆ ಪ್ರಶ್ನೆ ಕಾರ್ಡಿನಲ್ಲೇ ಇರಬೇಕು.

ಪರಿಸರ ಅಧ್ಯಯನಕ್ಕೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಿದೆ, 1974ರಲ್ಲಿ ಘೋಷಣೆಯಾದದ್ದು. ಚಿಗರಿಗಳು ಹೊಲಕ್ಕೆ ನುಗ್ಗುವುದೇಕೆ ಎಂದು ಕೇಳಿ, ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ಮೂರು ಪಟ್ಟಿ ಬರೆಸಬಹುದು. ಬೆಳೆ ಕಳೆದುಕೊಂಡ ರೈತನ ಮಗುವೂ ಕಾಡಿನ ಪರ ನಿಲ್ಲುವ ಮಗುವೂ ಒಂದೇ ತರಗತಿಯಲ್ಲಿರುವುದರಿಂದ ಒಂದೇ ಉತ್ತರ ಹೊರಡದು. ಅಂಥ ಕಡೆ ಉತ್ತರಕ್ಕಲ್ಲ, ಅದಕ್ಕೆ ಕೊಟ್ಟ ಆಧಾರಕ್ಕೆ ಅಂಕ ಕೊಡಬೇಕು.